ಕರ್ನಲ್ ಕಂಪೈಲ್ ನಿಂತುಹೋದಾಗ ಯಾವ ಬಿಲ್ಡ್ ಪರಿಸರವನ್ನು ಆರಿಸಿಕೊಳ್ಳಬೇಕು?

ಲಿನಕ್ಸ್ ಕರ್ನಲ್‌ನ (ಕಾರ್ಯಾಚರಣಾ ವ್ಯವಸ್ಥೆಯ ತಿರುಳಿನ) ಮೂಲ ಕೋಡನ್ನು ಇಳಿಸಿಕೊಂಡು, ಅದನ್ನು ಕಂಪೈಲ್ ಮಾಡಿಸುವ ಮೇಕ್ ಆದೇಶ ಕೊಟ್ಟ ಸ್ವಲ್ಪ ಹೊತ್ತಿಗೇ ಕೆಲಸ ನಿಂತುಹೋದರೆ, ಸಲಹೆಗಳಿಗೇನೂ ಬರವಿರುವುದಿಲ್ಲ. ಕಾಣೆಯಾದ ಪ್ಯಾಕೇಜ್ ಹಾಕಿಕೊಳ್ಳಿ ಎಂದು ಒಬ್ಬರು, ಜಿಸಿಸಿ ಕಂಪೈಲರ್‌ನ ಹಳೆಯ ಆವೃತ್ತಿ ತಂದುಕೊಳ್ಳಿ ಎಂದು ಇನ್ನೊಬ್ಬರು, ಈ ತಲೆನೋವೇ ಬೇಡ, ಕಂಟೇನರ್‌ನಲ್ಲಿ (ಯಂತ್ರದೊಳಗೇ ಬೇರ್ಪಡಿಸಿದ ಪರಿಸರದಲ್ಲಿ) ಮಾಡಿ ಎಂದು ಮತ್ತೊಬ್ಬರು ಹೇಳುತ್ತಾರೆ. ವರ್ಚುಯಲ್ ಮಷೀನ್, ಕ್ಲಾಂಗ್ ಎಂಬ ಇನ್ನೊಂದು ಕಂಪೈಲರ್, ನಿಕ್ಸ್ ಎಂಬ ಪ್ಯಾಕೇಜ್ ವ್ಯವಸ್ಥೆ ಎಂದು ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಇವುಗಳಲ್ಲಿ ಯಾವುದೂ ತಪ್ಪು ಸಲಹೆಯಲ್ಲ, ಆದರೆ ಒಂದೊಂದೂ ಒಂದೊಂದು ಬಗೆಯ ತೊಡಕಿಗೆ ಮಾತ್ರ ಪರಿಹಾರ. ತೊಡಕು ಯಾವುದೆಂದು ತಿಳಿಯುವ ಮುನ್ನವೇ ಪರಿಸರ ಬದಲಿಸಿದವರಿಗೆ ಅದೇ ದೋಷ ಹೊಸ ಜಾಗದಲ್ಲೂ ಎದುರಾಗುತ್ತದೆ, ಹೊಸ ಜಾಗದ ತೊಡಕುಗಳು ಅದರ ಜೊತೆಗೆ ಸೇರಿಕೊಳ್ಳುತ್ತವೆ. ಹಾಗಾಗಿ ಈ ಹೋಲಿಕೆ ದೋಷದ ಬಗೆಯನ್ನು ಗುರುತಿಸುವುದರಿಂದಲೇ ಆರಂಭವಾಗಬೇಕು.

ಸೋತದ್ದು ಯಾವ ಕಂಪೈಲರ್?

ಕರ್ನಲ್ ಬಿಲ್ಡ್‌ನಲ್ಲಿ ಎರಡು ಕಂಪೈಲರ್‌ಗಳ ಪಾತ್ರವಿದೆ ಎಂಬುದನ್ನು ಬಹಳಷ್ಟು ಮಂದಿ ಗಮನಿಸುವುದಿಲ್ಲ. ಮೊದಲನೆಯದು ಹೋಸ್ಟ್ ಕಂಪೈಲರ್. ಬಿಲ್ಡ್ ನಡೆಯುತ್ತಿರುವ ಯಂತ್ರದ ಮೇಲೆಯೇ ಓಡಬೇಕಾದ ಸಣ್ಣ ಸಲಕರಣೆಗಳನ್ನು, ಅಂದರೆ ಕೆಕಾನ್ಫಿಗ್, ಫಿಕ್ಸ್‌ಡೆಪ್, ಮಾಡ್‌ಪೋಸ್ಟ್, ಡಿವೈಸ್ ಟ್ರೀ ಕಂಪೈಲರ್ ಆದ ಡಿಟಿಸಿ, ಆಬ್ಜ್‌ಟೂಲ್, ಮಾಡ್ಯೂಲ್‌ಗಳಿಗೆ (ಬೇಕಾದಾಗ ಕರ್ನಲ್‌ಗೆ ಸೇರಿಸುವ ತುಣುಕುಗಳಿಗೆ) ಸಹಿ ಹಾಕುವ ಸೈನ್‌ಫೈಲ್ ಮುಂತಾದವನ್ನು ಅದು ಕಟ್ಟುತ್ತದೆ. ಎರಡನೆಯದು ಕರ್ನಲ್ಲನ್ನೇ ಕಟ್ಟುವ ಟಾರ್ಗೆಟ್ ಕಂಪೈಲರ್. ಸಾಮಾನ್ಯ ಬಿಲ್ಡ್‌ನಲ್ಲಿ ಎರಡೂ ಒಂದೇ ಜಿಸಿಸಿ ಆಗಿರುವುದರಿಂದ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ, ಆದರೆ ಪರಿಹಾರ ಹುಡುಕುವಾಗ ಈ ವ್ಯತ್ಯಾಸವೇ ಎಲ್ಲವನ್ನೂ ನಿರ್ಧರಿಸುತ್ತದೆ.

ಪರದೆಯ ಮೇಲೆ ಹರಿಯುವ ಸಾಲುಗಳ ಎಡ ತುದಿಯಲ್ಲಿ ಹೋಸ್ಟ್‌ಸಿಸಿ ಎಂದಿದ್ದರೆ ಅದು ಮೊದಲನೆಯ ಬಗೆ, ಬರೀ ಸಿಸಿ ಎಂದಿದ್ದರೆ ಎರಡನೆಯದು. ಇದಕ್ಕೊಂದು ಅಪವಾದವಿದೆ, ಅದು ಅನೇಕರನ್ನು ದಾರಿ ತಪ್ಪಿಸುತ್ತದೆ: ಆಬ್ಜ್‌ಟೂಲ್ ಕಟ್ಟುವ ಸಾಲುಗಳು ಸಿಸಿ ಎಂದೇ ಕಾಣಿಸಿಕೊಂಡರೂ ಅವುಗಳ ಹಿಂದೆ ಕೆಲಸ ಮಾಡುವುದು ಹೋಸ್ಟ್ ಕಂಪೈಲರ್. ದೋಷದ ಫೈಲಿನ ದಾರಿ ಟೂಲ್ಸ್ ಡೈರೆಕ್ಟರಿಯಿಂದ ಆರಂಭವಾಗಿದ್ದರೆ ಎಡ ತುದಿಯ ಗುರುತನ್ನು ನಂಬಬೇಡಿ.

ನಿಜವಾದ ದೋಷವನ್ನು ಹಿಡಿಯುವುದೂ ಒಂದು ಕೆಲಸವೇ. ಹಲವು ಕೆಲಸಗಳು ಏಕಕಾಲಕ್ಕೆ ಓಡುವ ಬಿಲ್ಡ್‌ನಲ್ಲಿ ಮೂಲ ದೋಷ ನೂರಾರು ಸಾಲುಗಳ ಮೇಲೆ ಹೋಗಿರುತ್ತದೆ. ಕೊನೆಯಲ್ಲಿ ಉಳಿಯುವುದು ಮೇಕ್ ಹೇಳುವ 'ಎರರ್ 2' ಮಾತ್ರ, ಅದರಿಂದ ಏನೂ ತಿಳಿಯುವುದಿಲ್ಲ. ಹಾಗಾಗಿ ಒಂದೇ ಕೆಲಸಕ್ಕೆ ಮಿತಿಗೊಳಿಸಿ, ವಿ=1 ಎಂಬ ಆಯ್ಕೆಯನ್ನೂ ಸೇರಿಸಿ ಮತ್ತೊಮ್ಮೆ ಮೇಕ್ ಕೊಡಿ. ಆಗಲೇ ಮುಗಿದಿರುವ ಭಾಗ ಮತ್ತೆ ಕಂಪೈಲ್ ಆಗುವುದಿಲ್ಲವಾದ್ದರಿಂದ ಇದಕ್ಕೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ, ದೋಷಕ್ಕೆ ಕಾರಣವಾದ ಪೂರ್ಣ ಆದೇಶವೂ ಕಣ್ಣ ಮುಂದೆ ಬರುತ್ತದೆ.

ಹೋಸ್ಟ್, ಟಾರ್ಗೆಟ್ ಎಂಬ ಈ ಎರಡು ಬದಿಗಳ ದೋಷಗಳ ಹೊರತಾಗಿ ಇನ್ನೆರಡು ಬಗೆಗಳಿವೆ, ಅವುಗಳಿಗೆ ಅದೇ ಯಂತ್ರದಲ್ಲಿ ಪರಿಸರ ಬದಲಿಸಿ ಪ್ರಯೋಜನವಿಲ್ಲ. ಒಂದು, ಕಾನ್ಫಿಗರೇಷನ್‌ನ, ಅಂದರೆ ಕರ್ನಲ್‌ನಲ್ಲಿ ಏನೇನು ಇರಬೇಕೆಂಬ ಆಯ್ಕೆಗಳ, ದೋಷ. ಉಬುಂಟುವಿನ ಬೂಟ್ ಡೈರೆಕ್ಟರಿಯಿಂದ ಕಾನ್ಫಿಗ್ ಫೈಲನ್ನು ನಕಲು ಮಾಡಿಕೊಂಡು ಮೂಲ ಕರ್ನಲ್ ಕಟ್ಟಲು ಹೊರಟವರಿಗೆ, ಡೆಬಿಯನ್ ಡೈರೆಕ್ಟರಿಯಲ್ಲಿರಬೇಕಾದ ಕೆನಾನಿಕಲ್ ಪ್ರಮಾಣಪತ್ರದ ಫೈಲನ್ನು ತಯಾರಿಸಲು ನಿಯಮವೇ ಇಲ್ಲ ಎಂಬ ದೂರು ಎದುರಾಗುತ್ತದೆ. ಆ ಫೈಲು ಉಬುಂಟುವಿನ ಮೂಲ ಪ್ಯಾಕೇಜಿನಲ್ಲಿ ಮಾತ್ರ ಇರುತ್ತದೆ; ನಂಬಿಕೆಯ ಕೀಲಿಗಳ ಮತ್ತು ರದ್ದಾದ ಕೀಲಿಗಳ ಎರಡೂ ಆಯ್ಕೆಗಳನ್ನು ಖಾಲಿ ಮಾಡಿದರೆ ಸಮಸ್ಯೆ ಮುಗಿಯಿತು. ಇದಕ್ಕಾಗಿ ಕಂಟೇನರ್ ಕಟ್ಟಿದರೆ ಅದೇ ದೂರು ಅಲ್ಲೂ ಬರುತ್ತದೆ.

ಎರಡನೆಯದು ಯಂತ್ರದ ಮಿತಿ. ಕಂಪೈಲರ್ ಪ್ರಕ್ರಿಯೆ 'ಕಿಲ್ಡ್' ಎಂದು ಸತ್ತರೆ ಮೆಮೊರಿ ಸಾಲದೆಂದೇ ಬಹುಮಟ್ಟಿಗೆ ಅರ್ಥ. ಏಕಕಾಲದ ಕೆಲಸಗಳನ್ನು ಇಳಿಸಬೇಕು ಅಥವಾ ಡಿಬಗ್ ಮಾಹಿತಿಯನ್ನು ಬಿಡಬೇಕು. ಮೂಲವಿರುವ ಡೈರೆಕ್ಟರಿಯ ಹೆಸರಿನಲ್ಲಿ ಖಾಲಿ ಜಾಗವೋ ಅಪೂರ್ಣ ವಿರಾಮ ಚಿಹ್ನೆಯೋ ಇದ್ದರೆ ಕರ್ನಲ್‌ನ ಬಿಲ್ಡ್ ವ್ಯವಸ್ಥೆಯಾದ ಕೆಬಿಲ್ಡ್ ಮುಂದೆ ಹೋಗುವುದೇ ಇಲ್ಲ. ದೊಡ್ಡಕ್ಷರ, ಸಣ್ಣಕ್ಷರಗಳನ್ನು ಬೇರೆಯೆಂದು ಗಣಿಸದ ಫೈಲ್ ಸಿಸ್ಟಮ್ ಇನ್ನೂ ಕೆಟ್ಟದ್ದು. ಕರ್ನಲ್‌ನ ನೆಟ್‌ಫಿಲ್ಟರ್ ಭಾಗದಲ್ಲಿ ಅಕ್ಷರಗಳ ಗಾತ್ರದಿಂದಷ್ಟೇ ಬೇರೆಯಾಗುವ ಜೋಡಿ ಫೈಲುಗಳಿವೆ. ಮ್ಯಾಕ್‌ನ ಸಾಮಾನ್ಯ ಡಿಸ್ಕಿನಲ್ಲೋ ವಿಂಡೋಸ್‌ನ ಸಿ ಡ್ರೈವ್‌ನಲ್ಲೋ ಮೂಲವನ್ನು ಬಿಡಿಸಿದರೆ ಜೋಡಿಯಲ್ಲಿ ಒಂದು ಇನ್ನೊಂದರ ಮೇಲೆ ಬರೆಯಲ್ಪಟ್ಟು ಕಾಣೆಯಾಗುತ್ತದೆ, ಆಮೇಲೆ ಬರುವ ದೋಷ ಸಂದೇಶಕ್ಕೂ ಈ ಕಾರಣಕ್ಕೂ ಸಂಬಂಧವಿರುವಂತೆಯೇ ತೋರುವುದಿಲ್ಲ.

ಯಾವುದನ್ನು ಇಟ್ಟುಕೊಂಡು ತೂಗಬೇಕು

ತೊಡಕು ಹೋಸ್ಟ್ ಅಥವಾ ಟಾರ್ಗೆಟ್ ಬದಿಯದೆಂದು ಖಚಿತವಾದ ಮೇಲೆ ಪ್ರತಿ ಆಯ್ಕೆಯನ್ನೂ ಕೆಲವು ಪ್ರಶ್ನೆಗಳಿಂದ ಪರೀಕ್ಷಿಸಬೇಕು. ಅದು ಎರಡು ಬದಿಗಳಲ್ಲಿ ಯಾವುದನ್ನು ಸರಿಪಡಿಸುತ್ತದೆ ಎಂಬುದು ಮೊದಲನೆಯದು, ನನ್ನ ಅಭಿಪ್ರಾಯದಲ್ಲಿ ಉಳಿದೆಲ್ಲಕ್ಕಿಂತ ಹೆಚ್ಚಿನ ತೂಕವೂ ಇದಕ್ಕೇ. ಆ ಯಂತ್ರದಲ್ಲಿ ನಿಮಗೆ ರೂಟ್ ಅಧಿಕಾರ (ಯಂತ್ರದ ಪೂರ್ಣ ನಿಯಂತ್ರಣ) ಇದೆಯೇ, ಡಿಸ್ಕ್ ಮತ್ತು ಮೆಮೊರಿ ಎಷ್ಟು ಉಳಿದಿದೆ ಎಂಬುದು ಮುಂದಿನದು. ಮೂಲ ಮತ್ತು ಬಿಲ್ಡ್ ಫೈಲುಗಳಿಗೆ ಸಾಮಾನ್ಯವಾಗಿ 12 ಜಿಬಿ ಸಾಕಾಗುತ್ತದೆ, ಆದರೆ ಡಿಸ್ಟ್ರೊದ (ಉಬುಂಟು, ಫೆಡೋರಾದಂಥ ಲಿನಕ್ಸ್ ವಿತರಣೆಯ) ಪೂರ್ಣ ಕಾನ್ಫಿಗ್ ಅನ್ನು ಡಿಬಗ್ ಮಾಹಿತಿಯ ಸಮೇತ ಕಟ್ಟಿದರೆ ಅದಕ್ಕಿಂತ ಬಹಳ ಹೆಚ್ಚು ಬೇಕಾಗುತ್ತದೆ. ಕಟ್ಟಿದ ಕರ್ನಲ್ ಇದೇ ಯಂತ್ರದಲ್ಲಿ ಬೂಟ್ ಆಗಬೇಕೇ, ಬೇರೆ ಬೋರ್ಡ್‌ಗೆ (ಸಾಧನಗಳಲ್ಲಿರುವ ಸಣ್ಣ ಕಂಪ್ಯೂಟರ್‌ಗೆ) ಹೋಗುತ್ತದೆಯೇ ಎಂಬುದೂ ಮುಖ್ಯ. ಕೊನೆಯದಾಗಿ, ಆರು ತಿಂಗಳ ನಂತರ ಇದೇ ಬಿಲ್ಡ್ ಮತ್ತೆ ಬೇಕೇ, ಇನ್ನೊಬ್ಬರ ಯಂತ್ರದಲ್ಲೂ ಅದೇ ಫಲಿತಾಂಶ ಬರಬೇಕೇ ಎಂದು ಕೇಳಿಕೊಳ್ಳಬೇಕು. ಒಮ್ಮೆ ಮಾತ್ರ ಕಟ್ಟುವವರು ಪುನರುತ್ಪಾದನೆಗಾಗಿ ತೆರುವ ಶ್ರಮವೆಲ್ಲ ವ್ಯರ್ಥ. ತಂಡದಲ್ಲಿ ಕೆಲಸ ಮಾಡುವವರು ಅದನ್ನು ಉಳಿಸಲು ಹೋದರೆ ಮುಂದೆ ಹತ್ತುಪಟ್ಟು ತೆರಬೇಕಾಗುತ್ತದೆ.

ಇವೆಲ್ಲಕ್ಕೂ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ಜನ ಮರೆಯುತ್ತಾರೆ: ಮೂಲವನ್ನೇ ಬದಲಿಸಬಹುದೇ? ಹೊಸ ಕಂಪೈಲರ್‌ಗಳಿಂದ ಹುಟ್ಟುವ ದೋಷಗಳಿಗೆ ತಿದ್ದುಪಡಿಗಳು ದೀರ್ಘಾವಧಿ ಬೆಂಬಲದ ಸರಣಿಗಳಿಗೆ ನಿರಂತರವಾಗಿ ಬರುತ್ತಿರುತ್ತವೆ. ನೀವು 5.10 ಸರಣಿಯ ಆರಂಭದ ಒಂದು ಬಿಡುಗಡೆಯನ್ನು ಹಿಡಿದುಕೊಂಡಿದ್ದರೆ, ಅದೇ ಸರಣಿಯ ಇತ್ತೀಚಿನ ಬಿಡುಗಡೆಗೆ ಹೋದ ಮಾತ್ರಕ್ಕೇ ಸಮಸ್ಯೆ ಇಲ್ಲವಾಗಬಹುದು. ಬೋರ್ಡ್ ತಯಾರಕರು ಎಂದೋ ಕವಲೊಡೆಸಿ ಕೈಬಿಟ್ಟ ಮೂಲವನ್ನೇ ಕಟ್ಟಬೇಕಾದವರಿಗೆ ಮಾತ್ರ ಈ ದಾರಿ ಇಲ್ಲ.

ಇರುವ ಯಂತ್ರದಲ್ಲೇ ಪ್ಯಾಕೇಜ್ ಹಾಕಿಕೊಳ್ಳುವುದು

ಹೋಸ್ಟ್ ಬದಿಯಲ್ಲಿ ಏನೋ ಕಾಣೆಯಾಗಿದ್ದರೆ ಇದಕ್ಕಿಂತ ಅಗ್ಗದ, ವೇಗದ ದಾರಿ ಇಲ್ಲ. ಫ್ಲೆಕ್ಸ್ ಅಥವಾ ಬೈಸನ್ ಸಿಗಲಿಲ್ಲ ಎಂದರೆ ಆ ಹೆಸರಿನ ಪ್ಯಾಕೇಜನ್ನೇ ಹಾಕಬೇಕು. ಬಿಸಿ (bc) ಎಂಬ ಲೆಕ್ಕದ ಸಲಕರಣೆ ಸಿಗಲಿಲ್ಲ ಎಂದರೂ ಅಷ್ಟೇ. ತೊಂದರೆ ಕೊಡುವುದು ಹೆಸರು ಹೊಂದದ ಸಂದರ್ಭಗಳು. ಜೆಲ್ಫ್ ಹೆಡರ್ ಇಲ್ಲ ಎಂಬ ದೂರಿಗೆ ಡೆಬಿಯನ್, ಉಬುಂಟುಗಳಲ್ಲಿ ಲಿಬೆಲ್ಫ್-ಡೆವ್, ಫೆಡೋರಾದಲ್ಲಿ ಎಲ್ಫ್‌ಯುಟಿಲ್ಸ್-ಲಿಬೆಲ್ಫ್-ಡೆವೆಲ್ ಬೇಕು. ಓಪನ್‌ಎಸ್‌ಎಸ್‌ಎಲ್ ಹೆಡರ್ ಇಲ್ಲದಿದ್ದರೆ ಲಿಬ್‌ಎಸ್‌ಎಸ್‌ಎಲ್-ಡೆವ್ ಅಥವಾ ಓಪನ್‌ಎಸ್‌ಎಸ್‌ಎಲ್-ಡೆವೆಲ್ ಬೇಕು. ಓಪನ್‌ಎಸ್‌ಎಸ್‌ಎಲ್ ಆದೇಶ ಯಂತ್ರದಲ್ಲಿ ಆಗಲೇ ಇದೆಯಲ್ಲ ಎಂದು ಬೆರಗಾಗಬೇಕಿಲ್ಲ, ಏಕೆಂದರೆ ಕಂಪೈಲರ್‌ಗೆ ಬೇಕಿರುವುದು ಅದರ ಹೆಡರ್ ಫೈಲುಗಳು. ಬಿಟಿಎಫ್ (ಕರ್ನಲ್‌ನ ಡೇಟಾ ಬಗೆಗಳ ಮಾಹಿತಿ) ತಯಾರಿಸಲು ಪಾಹೋಲ್ ಸಿಗಲಿಲ್ಲ ಎಂದರೆ, ಆ ಹೆಸರಿನ ಪ್ಯಾಕೇಜ್ ಇಲ್ಲದ ಡಿಸ್ಟ್ರೊಗಳಲ್ಲಿ ಡ್ವಾರ್ವ್ಸ್ ಪ್ಯಾಕೇಜನ್ನು ಹುಡುಕಬೇಕು, ಪಾಹೋಲ್ ಇರುವುದು ಅದರೊಳಗೆ.

ಒಂದೊಂದಾಗಿ ದೋಷ ನೋಡಿ ಒಂದೊಂದಾಗಿ ಪ್ಯಾಕೇಜ್ ಹಾಕುವ ಬದಲು, ಡಿಸ್ಟ್ರೊ ತನ್ನದೇ ಕರ್ನಲ್ ಕಟ್ಟಲು ಬಳಸುವ ಅವಲಂಬನೆಗಳನ್ನೆಲ್ಲ ಒಮ್ಮೆಗೇ ತರಿಸಿಕೊಳ್ಳುವುದು ಮೇಲು. ಡೆಬಿಯನ್ ಬಳಗದಲ್ಲಿ ಆಪ್ಟ್‌ನ ಬಿಲ್ಡ್-ಡೆಪ್, ಫೆಡೋರಾದಲ್ಲಿ ಡಿಎನ್‌ಎಫ್‌ನ ಬಿಲ್ಡ್‌ಡೆಪ್ ಈ ಕೆಲಸ ಮಾಡುತ್ತವೆ. ಮೊದಲನೆಯದಕ್ಕೆ ಮೂಲ ಪ್ಯಾಕೇಜ್‌ಗಳ ಭಂಡಾರವನ್ನು ಸಕ್ರಿಯಗೊಳಿಸಿರಬೇಕು. ಅಗತ್ಯಕ್ಕಿಂತ ಹೆಚ್ಚೇ ಪ್ಯಾಕೇಜ್‌ಗಳು ಬರುತ್ತವೆ ಎಂಬುದು ನಿಜ, ಆದರೆ ಡಿಸ್ಕಿಗೆ ತೀರಾ ಅಭಾವವಿಲ್ಲದಿದ್ದರೆ ಅದರ ಬಗ್ಗೆ ಚಿಂತಿಸಬೇಕಾಗಿಲ್ಲ. ಯಾವ ಸಲಕರಣೆಯ ಯಾವ ಆವೃತ್ತಿ ಕನಿಷ್ಠ ಬೇಕು ಎಂಬ ಪಟ್ಟಿ ಕರ್ನಲ್‌ನ ದಾಖಲೆಗಳಲ್ಲೇ ಇದೆ, ಮತ್ತು ನಿಮ್ಮಲ್ಲಿರುವ ಆವೃತ್ತಿಗಳನ್ನು ಒಟ್ಟಿಗೆ ತೋರಿಸುವ ವರ್_ಲಿನಕ್ಸ್ ಎಂಬ ಸ್ಕ್ರಿಪ್ಟ್ ಮೂಲದ ಜೊತೆಗೇ ಬರುತ್ತದೆ.

ಕಟ್ಟಿದ್ದು ಇದೇ ಯಂತ್ರದಲ್ಲಿ ಬೂಟ್ ಆಗಬೇಕಾದವರಿಗೆ ಈ ಆಯ್ಕೆಯಲ್ಲಿ ಇನ್ನೊಂದು ಅನುಕೂಲವಿದೆ. ಲೋಕಲ್‌ಮಾಡ್‌ಕಾನ್ಫಿಗ್ ಎಂಬ ಮೇಕ್ ಗುರಿ ಆ ಕ್ಷಣದಲ್ಲಿ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನು ನೋಡಿ ಉಳಿದವನ್ನು ಕತ್ತರಿಸುತ್ತದೆ, ಬಿಲ್ಡ್ ಸಮಯ ಗಣನೀಯವಾಗಿ ಇಳಿಯುತ್ತದೆ. ಕತ್ತರಿ ಓಡಿಸುವ ಮೊದಲು ನಿಮಗೆ ಬೇಕಾದ ಸಾಧನಗಳನ್ನೆಲ್ಲ ಒಮ್ಮೆ ಸಿಕ್ಕಿಸಿರಬೇಕು, ಇಲ್ಲದಿದ್ದರೆ ಅವುಗಳ ಡ್ರೈವರ್ ಹೊಸ ಕರ್ನಲ್‌ನಲ್ಲಿ ಇರುವುದಿಲ್ಲ.

ಈ ಆಯ್ಕೆಯ ದೌರ್ಬಲ್ಯ ಒಂದೇ, ಆದರೆ ದೊಡ್ಡದು: ಡಿಸ್ಟ್ರೊ ಅಪ್‌ಗ್ರೇಡ್ ಆದ ದಿನ ನಿಮ್ಮ ಕಂಪೈಲರ್ ಕೂಡ ಬದಲಾಗುತ್ತದೆ, ನಿನ್ನೆ ಕಟ್ಟಿದ್ದು ಇಂದು ಕಟ್ಟದೇ ಹೋಗಬಹುದು.

ಕಂಪೈಲರ್ ಒಂದನ್ನೇ ಬದಲಿಸುವುದು

ಕಂಪೈಲರ್ ತೀರಾ ಹಳೆಯದಾದರೆ ಬಿಲ್ಡ್ ಆರಂಭದಲ್ಲೇ ಅದನ್ನು ಸ್ಪಷ್ಟವಾಗಿ ಹೇಳಿ ನಿಲ್ಲುತ್ತದೆ. ಕರ್ನಲ್ 5.15ರಿಂದ ಜಿಸಿಸಿ 5.1 ಕನಿಷ್ಠವಾಗಿತ್ತು, 6.16ರಿಂದ ಜಿಸಿಸಿ 8.1 ಮತ್ತು ಲಿಂಕರ್ ಮುಂತಾದ ಸಲಕರಣೆಗಳ ಕಟ್ಟಾದ ಬಿನ್‌ಯುಟಿಲ್ಸ್ 2.30 ಬೇಕು; ಹಾಗಾಗಿ ಉಬುಂಟು 18.04ರ ಜಿಸಿಸಿ 7ರಲ್ಲಿ ಇಂದಿನ ಕರ್ನಲ್ ಕಟ್ಟಲಾಗದು. ಕಂಪೈಲರ್ ತೀರಾ ಹೊಸದಾದಾಗ ಮಾತ್ರ ಇಂಥ ಸ್ಪಷ್ಟತೆ ಸಿಗುವುದಿಲ್ಲ. 2020ರಲ್ಲಿ ಬಂದ ಜಿಸಿಸಿ 10, ಒಂದೇ ಜಾಗತಿಕ ಚರವನ್ನು ಎರಡು ಫೈಲುಗಳಲ್ಲಿ ಘೋಷಿಸುವ ಹಳೆಯ ರೂಢಿಯನ್ನು ಒಪ್ಪುವುದನ್ನು ನಿಲ್ಲಿಸಿತು. 2025ರ ಜಿಸಿಸಿ 15 ತನ್ನ ಪೂರ್ವನಿಯೋಜಿತ ಸಿ ಭಾಷೆಯ ಆವೃತ್ತಿಯನ್ನು ಸಿ23ಕ್ಕೆ ಏರಿಸಿತು. ಅದರಲ್ಲಿ ಟ್ರೂ, ಫಾಲ್ಸ್, ಬೂಲ್ ಎಂಬವು ಭಾಷೆಯ ಮೀಸಲು ಪದಗಳಾದ್ದರಿಂದ, ಅವನ್ನು ತಾನೇ ಘೋಷಿಸಿಕೊಳ್ಳುವ ಹಳೆಯ ಕರ್ನಲ್ ಹೆಡರ್‌ಗಳು ಕೆಲವು ಭಾಗಗಳಲ್ಲಿ ಕಂಪೈಲ್ ಆಗುವುದಿಲ್ಲ. ಕರ್ನಲ್‌ನ ಮುಖ್ಯ ಭಾಗ ಭಾಷೆಯ ಆವೃತ್ತಿಯನ್ನು ತಾನೇ ನಮೂದಿಸುವುದರಿಂದ ಪಾರಾಗುತ್ತದೆ. ತಮ್ಮದೇ ಬೇರೆ ಆಯ್ಕೆಗಳಿಂದ ಕಟ್ಟಲ್ಪಡುವ ಬೂಟ್ ಭಾಗಗಳು ಸಿಕ್ಕಿಹಾಕಿಕೊಳ್ಳುತ್ತವೆ. ಬರೀ ಎಚ್ಚರಿಕೆಯೊಂದು ದೋಷವಾಗಿ ಬದಲಾಗಿ ಬಿಲ್ಡ್ ನಿಂತಿದ್ದರೆ ಮಾತ್ರ ಕಂಪೈಲರ್ ಬದಲಿಸುವ ಮುನ್ನ ಕಾನ್ಫಿಗ್_ವೆರರ್ ಆಯ್ಕೆಯನ್ನು ತೆಗೆದು ನೋಡಿ, 5.15ರಿಂದ ಅದು ಇದೆ.

ಬೇರೆ ಕಂಪೈಲರ್ ತರಲು ಮೂರು ದಾರಿಗಳಿವೆ. ಡಿಸ್ಟ್ರೊದಲ್ಲೇ ಜಿಸಿಸಿಯ ಹಳೆಯ ಆವೃತ್ತಿ ಬೇರೆ ಹೆಸರಿನಲ್ಲಿ ಲಭ್ಯವಿದ್ದರೆ ಅದೇ ಸುಲಭ. ಸಿಸಿ ಮತ್ತು ಹೋಸ್ಟ್‌ಸಿಸಿ ಎರಡಕ್ಕೂ ಅದರ ಹೆಸರು ಕೊಟ್ಟರೆ ಎರಡೂ ಬದಿಗಳು ಬದಲಾಗುತ್ತವೆ. ಎರಡನೆಯದು, ಕರ್ನಲ್‌ನ ಅಧಿಕೃತ ತಾಣದಲ್ಲೇ ಅನೇಕ ಆವೃತ್ತಿಗಳಲ್ಲಿ, ಅನೇಕ ವಾಸ್ತುಶಿಲ್ಪಗಳಿಗಾಗಿ (ಪ್ರೊಸೆಸರ್ ಬಗೆಗಳಿಗಾಗಿ) ಸಿದ್ಧವಾಗಿ ಸಿಗುವ ಜಿಸಿಸಿ. ಬಿಡಿಸಿ ಯಾವುದಾದರೂ ಡೈರೆಕ್ಟರಿಯಲ್ಲಿ ಇಟ್ಟುಕೊಂಡರೆ ಸಾಕು, ರೂಟ್ ಅಧಿಕಾರ ಬೇಕಿಲ್ಲ, ಕ್ರಾಸ್_ಕಂಪೈಲ್ ಎಂಬ ಚರದಲ್ಲಿ ಅದರ ಪೂರ್ವಪದ ಕೊಟ್ಟರೆ ಕೆಲಸ ಮಾಡುತ್ತದೆ. ಹಂಚಿಕೆಯ ಸರ್ವರ್‌ನಲ್ಲಿ ಕೆಲಸ ಮಾಡುವವರಿಗೆ ಇದು ವರದಾನವೇ ಸರಿ.

ಆದರೆ ಇದರ ಮಿತಿ ಎಲ್ಲಿದೆ ಎಂಬುದನ್ನು ಒಂದು ಉದಾಹರಣೆಯಲ್ಲಿ ಹತ್ತಿರದಿಂದ ನೋಡುವುದು ಒಳ್ಳೆಯದು. ಹಳೆಯ ಬೋರ್ಡ್ ಕರ್ನಲ್ ಒಂದನ್ನು ಹೊಸ ಡಿಸ್ಟ್ರೊದಲ್ಲಿ ಕಟ್ಟುವಾಗ ವೈವೈಲಾಕ್ ಎಂಬ ಚರಕ್ಕೆ ಎರಡೆರಡು ವ್ಯಾಖ್ಯೆಗಳಿವೆ ಎಂಬ ಲಿಂಕರ್ ದೋಷ ಬರುತ್ತದೆ ಎಂದುಕೊಳ್ಳಿ. ಜಿಸಿಸಿ 10ರ ಬದಲಾವಣೆಯ ಫಲ ಇದು ಎಂದು ಓದಿಕೊಂಡವರು ಕರ್ನಲ್ ತಾಣದಿಂದ ಬೋರ್ಡ್‌ನ ಆರ್ಮ್ ಪ್ರೊಸೆಸರ್‌ಗಾಗಿ ಜಿಸಿಸಿ 9 ತಂದು ಕ್ರಾಸ್_ಕಂಪೈಲ್‌ನಲ್ಲಿ ಕೊಡುತ್ತಾರೆ. ದೋಷ ಒಂದಕ್ಷರವೂ ಬದಲಾಗದೆ ಹಾಗೆಯೇ ಮರಳುತ್ತದೆ. ಕಾರಣ, ಆ ಚರ ಇರುವುದು ಡಿಟಿಸಿಯಲ್ಲಿ, ಡಿಟಿಸಿಯನ್ನು ಕಟ್ಟುವುದು ಹೋಸ್ಟ್ ಕಂಪೈಲರ್. ಕ್ರಾಸ್_ಕಂಪೈಲ್ ಬದಲಿಸುವುದು ಟಾರ್ಗೆಟ್ ಕಂಪೈಲರನ್ನು ಮಾತ್ರ. ಹಾಗಾದರೆ ಅದೇ ತಾಣದಲ್ಲಿ ಸಾಮಾನ್ಯ ಪಿಸಿಗಳ ಎಕ್ಸ್86 ಪ್ರೊಸೆಸರ್‌ಗಾಗಿ ಸಿಗುವ ಜಿಸಿಸಿ 9ನ್ನು ಹೋಸ್ಟ್ ಕಂಪೈಲರಾಗಿ ಕೊಡೋಣ ಎಂದರೆ ಅದೂ ನಡೆಯುವುದಿಲ್ಲ: ಆ ಕಂಪೈಲರ್‌ಗಳು ಸಿ ಲೈಬ್ರರಿ ಇಲ್ಲದೆ ಬರುತ್ತವೆ, ಕರ್ನಲ್ ಕಟ್ಟಲು ಅದು ಬೇಕಿಲ್ಲ, ಆದರೆ ಡಿಟಿಸಿಯಂಥ ಸಾಮಾನ್ಯ ಪ್ರೋಗ್ರಾಂ ಕಟ್ಟಲು ಬೇಕೇ ಬೇಕು. ಇಲ್ಲಿ ಡಿಸ್ಟ್ರೊದ ಹಳೆಯ ಜಿಸಿಸಿಯನ್ನು ಹೋಸ್ಟ್‌ಸಿಸಿಗೆ ಕೊಡುವುದು, ಮೂಲದಲ್ಲಿ ಆ ಒಂದು ಘೋಷಣೆಯನ್ನು ತಿದ್ದುವುದು, ಇಲ್ಲವೇ ಇಡೀ ಹಳೆಯ ಪರಿಸರವನ್ನು ಕಂಟೇನರ್‌ನಲ್ಲಿ ತರುವುದು, ಈ ಮೂರರಲ್ಲಿ ಒಂದೇ ದಾರಿ. ಒಂದೇ ಸಾಲಿನ ತಿದ್ದುಪಡಿಗೆ ನನ್ನ ಮತ. ಆದರೆ ಇಂಥ ನಾಲ್ಕಾರು ದೋಷಗಳು ಸಾಲುಗಟ್ಟಿ ನಿಂತಿದ್ದರೆ ಕಂಟೇನರ್ ಕಡೆಗೆ ಹೊರಳುವುದೇ ಜಾಣತನ.

ಮೂರನೆಯ ದಾರಿ ಕ್ಲಾಂಗ್ ಸೇರಿರುವ ಸಲಕರಣೆಗಳ ಗುಂಪಾದ ಎಲ್‌ಎಲ್‌ವಿಎಂ. ಎಲ್‌ಎಲ್‌ವಿಎಂ=1 ಎಂದು ಮೇಕ್‌ಗೆ ಹೇಳಿದರೆ ಕ್ಲಾಂಗ್ ಎರಡೂ ಬದಿಗಳನ್ನು ವಹಿಸಿಕೊಳ್ಳುತ್ತದೆ, ಲಿಂಕರ್ ಮತ್ತಿತರ ಸಲಕರಣೆಗಳೂ ಅದರವೇ ಆಗುತ್ತವೆ. ಒಂದೇ ಕ್ಲಾಂಗ್ ಅನೇಕ ವಾಸ್ತುಶಿಲ್ಪಗಳಿಗೆ ಕೋಡ್ ತಯಾರಿಸಬಲ್ಲದು ಎಂಬುದು ಹಲವು ಬೋರ್ಡ್‌ಗಳಿಗೆ ಕಟ್ಟುವವರಿಗೆ ನಿಜವಾದ ಲಾಭ. ಹೊಸ ಕರ್ನಲ್‌ಗಳಿಗೆ ಇದನ್ನು ಧೈರ್ಯವಾಗಿ ಆರಿಸಿಕೊಳ್ಳಬಹುದು. ಹಳೆಯ ತಯಾರಕರ ಮೂಲಗಳಿಗೆ ಮಾತ್ರ ಬೇಡ; ಜಿಸಿಸಿಯ ದೋಷಗಳ ಬದಲು ಕ್ಲಾಂಗ್‌ನ ದೋಷಗಳು ಸಿಗುತ್ತವೆ, ಅಷ್ಟೇ. ರಸ್ಟ್ ಭಾಷೆಯಲ್ಲಿ ಬರೆದ ಡ್ರೈವರ್ ಬೇಕಾದವರು ಇನ್ನೊಂದನ್ನು ಗಮನಿಸಬೇಕು: 6.11ಕ್ಕೆ ಮೊದಲಿನ ಕರ್ನಲ್‌ಗಳು ರಸ್ಟ್ ಕಂಪೈಲರ್‌ನ ನಿರ್ದಿಷ್ಟ ಒಂದು ಆವೃತ್ತಿಯನ್ನೇ ಬಯಸುತ್ತಿದ್ದವು, 6.11ರಲ್ಲಿ ಅದರ ಬದಲು ಕನಿಷ್ಠ ಆವೃತ್ತಿಯ ನಿಯಮ ಬಂತು, ಆಗ ಅದು 1.78 ಆಗಿತ್ತು. ಸರಿಯಾದ ಆವೃತ್ತಿ ಇಲ್ಲದಿದ್ದರೆ ದೋಷ ಬರುವುದಿಲ್ಲ, ರಸ್ಟ್ ಆಯ್ಕೆಯೇ ಮೆನುವಿನಿಂದ ಮಾಯವಾಗಿರುತ್ತದೆ. ಮೇಕ್ ರಸ್ಟ್‌ಅವೈಲಬಲ್ ಎಂದು ಕೊಟ್ಟರೆ ಕಾರಣ ತಿಳಿಯುತ್ತದೆ.

ಕಂಟೇನರ್

ಹೋಸ್ಟ್ ಬದಿ ಮತ್ತು ಟಾರ್ಗೆಟ್ ಬದಿ ಎರಡೂ ಒಟ್ಟಿಗೆ ಹಳೆಯದಾಗಬೇಕು, ಆದರೆ ನಿಮ್ಮ ಯಂತ್ರ ಮಾತ್ರ ಹಾಗೆಯೇ ಇರಬೇಕು ಎಂದರೆ ಕಂಟೇನರ್‌ಗೆ ಸಾಟಿಯಿಲ್ಲ. ಕರ್ನಲ್ ಬಿಡುಗಡೆಯಾದ ಕಾಲಕ್ಕೆ ಹೊಂದುವ ಡಿಸ್ಟ್ರೊದ ಚಿತ್ರಿಕೆಯನ್ನು (ಇಮೇಜ್, ಅಂದರೆ ಕಂಟೇನರ್‌ಗೆ ಬೇಕಾದ ಫೈಲುಗಳ ಸಿದ್ಧ ಪ್ರತಿಯನ್ನು) ಆರಿಸಿಕೊಂಡರೆ ಜಿಸಿಸಿ, ಬಿನ್‌ಯುಟಿಲ್ಸ್, ಓಪನ್‌ಎಸ್‌ಎಸ್‌ಎಲ್, ಪರ್ಲ್ ಎಲ್ಲವೂ ಆ ಕಾಲದವೇ ಸಿಗುತ್ತವೆ. ಪ್ರೊಸೆಸರ್ ವೇಗದಲ್ಲಿ ಗಮನಿಸುವಷ್ಟು ನಷ್ಟವಿಲ್ಲ. ತಂಡದವರಿಗೆ ಹಂಚಬೇಕಾದದ್ದು ಒಂದು ಚಿಕ್ಕ ಫೈಲು ಮಾತ್ರ. ಬೆಂಬಲ ಮುಗಿದ ಡೆಬಿಯನ್ ಆವೃತ್ತಿಗಳ ಪ್ಯಾಕೇಜ್‌ಗಳು ಕಾಲಕ್ರಮದಲ್ಲಿ ಆರ್ಕೈವ್ ಸರ್ವರ್‌ಗೆ ಸ್ಥಳಾಂತರಗೊಳ್ಳುವುದರಿಂದ, ಬಹಳ ಹಳೆಯ ಚಿತ್ರಿಕೆಯಲ್ಲಿ ಪ್ಯಾಕೇಜ್ ಸಿಗದಿದ್ದರೆ ಭಂಡಾರದ ವಿಳಾಸ ಬದಲಿಸಬೇಕಾದೀತು. ಒಮ್ಮೆ ಸಿದ್ಧಪಡಿಸಿದ ಚಿತ್ರಿಕೆಯನ್ನು ಉಳಿಸಿಟ್ಟುಕೊಳ್ಳುವುದು ಈ ಕಾರಣಕ್ಕಾಗಿಯೇ ಒಳ್ಳೆಯದು. ಚಿತ್ರಿಕೆ ತಯಾರಿಸುವ ಫೈಲು ಮಾತ್ರ ಉಳಿದರೆ ಮುಂದೊಂದು ದಿನ ಅದರಿಂದ ಅದೇ ಪರಿಸರ ಹುಟ್ಟುತ್ತದೆಂಬ ಭರವಸೆ ಇಲ್ಲ.

ಕಂಟೇನರ್‌ನ ಚಿಕ್ಕ ಚಿತ್ರಿಕೆಗಳಲ್ಲಿ ಸಾಮಾನ್ಯ ಯಂತ್ರದಲ್ಲಿರುವ ಅನೇಕ ಸಲಕರಣೆಗಳು ಇರುವುದಿಲ್ಲ. ಜಿಸಿಸಿ, ಫ್ಲೆಕ್ಸ್, ಬೈಸನ್ ಹಾಕಿಕೊಂಡು ಅರ್ಧ ಬಿಲ್ಡ್ ಮುಗಿದ ಮೇಲೆ ಕರ್ನಲ್ ಹೆಡರ್‌ಗಳ ಕಟ್ಟು ತಯಾರಿಸುವಾಗ ಸಿಪಿಐಒ ಇಲ್ಲವೆಂದೋ, ಡೆಬಿಯನ್ ಪ್ಯಾಕೇಜ್ ಮಾಡುವಾಗ ಆರ್‌ಸಿಂಕ್ ಇಲ್ಲವೆಂದೋ ನಿಂತುಹೋಗುತ್ತದೆ; ಕೊನೆಯಲ್ಲಿ ಡೆಪ್‌ಮಾಡ್ ಇಲ್ಲದಿದ್ದರೆ ಬರೀ ಎಚ್ಚರಿಕೆ ಬರುತ್ತದೆ. ಸಿಪಿಐಒ, ಆರ್‌ಸಿಂಕ್, ಕೆಮಾಡ್, ಪೈಥಾನ್, ಎಕ್ಸ್‌ಜೆಡ್, ಜೆಡ್‌ಸ್ಟಾಂಡರ್ಡ್ ಇವನ್ನು ಮೊದಲೇ ಸೇರಿಸಿಬಿಡಿ.

ಇನ್ನೆರಡು ಎಡವಟ್ಟುಗಳಿವೆ. ಕಂಟೇನರ್ ಓಡಿಸುವ ಡಾಕರ್‌ನಲ್ಲಿ ಬಳಕೆದಾರರನ್ನು ನಮೂದಿಸದೆ ಓಡಿಸಿದರೆ ಬಿಲ್ಡ್ ಫೈಲುಗಳೆಲ್ಲ ರೂಟ್ ಒಡೆತನಕ್ಕೆ ಹೋಗುತ್ತವೆ, ಆಮೇಲೆ ಹೊರಗಿನಿಂದ ಮೇಕ್ ಕ್ಲೀನ್ ಕೂಡ ಮಾಡಲಾಗುವುದಿಲ್ಲ. ರೂಟ್ ಇಲ್ಲದೆ ಓಡುವ ಪಾಡ್‌ಮನ್‌ನಲ್ಲಿ ಈ ಕಾಟ ಕಡಿಮೆ. ಒಡೆತನ ಹೊಂದದಿದ್ದರೆ, ಮೂಲದ ಬದಲಾವಣೆಗಳ ಇತಿಹಾಸ ಇಡುವ ಗಿಟ್ ಆ ಭಂಡಾರವನ್ನು ಓದಲು ನಿರಾಕರಿಸುತ್ತದೆ, ಆಗ ಕರ್ನಲ್ ಆವೃತ್ತಿಯ ಹೆಸರಿಗೆ ಅಂಟುವ ಬಾಲ ಬದಲಾಗಿ, ಹಿಂದೆ ಕಟ್ಟಿದ ಮಾಡ್ಯೂಲ್‌ಗಳಿಗೂ ಹೊಸ ಕರ್ನಲ್‌ಗೂ ಹೆಸರು ತಾಳೆಯಾಗದೇ ಹೋಗಬಹುದು. ಕಂಟೇನರ್ ಹೊರಗಿನ ಯಂತ್ರದ ಕರ್ನಲ್ ಮೇಲೆಯೇ ಓಡುತ್ತದೆ ಎಂಬುದನ್ನೂ ನೆನಪಿಡಬೇಕು. ಒಳಗೆ ಯುನೇಮ್ ಆದೇಶ ಕೊಟ್ಟರೆ ಹೊರಗಿನ ಕರ್ನಲ್‌ನ ಹೆಸರೇ ಬರುತ್ತದೆ, ಹೊಸ ಕರ್ನಲ್ಲನ್ನು ಬೂಟ್ ಮಾಡಿ ನೋಡುವ ಪ್ರಶ್ನೆಯೇ ಇಲ್ಲ. ಮ್ಯಾಕ್‌ನಲ್ಲಿ ಕಂಟೇನರ್ ಬಳಸುವವರು ಮೂಲವನ್ನು ಮ್ಯಾಕ್ ಡಿಸ್ಕಿನಿಂದ ಹಂಚಿಕೊಂಡರೆ ಮೇಲೆ ಹೇಳಿದ ಅಕ್ಷರ ಗಾತ್ರದ ಸಮಸ್ಯೆ ಹಾಗೆಯೇ ಉಳಿಯುತ್ತದೆ. ಕಂಟೇನರ್‌ನ ಸ್ವಂತ ವಾಲ್ಯೂಮ್‌ನಲ್ಲಿ ಮೂಲವನ್ನು ಇಡಬೇಕು. ವಿಂಡೋಸ್‌ನೊಳಗೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಬಳಸುವವರಿಗೂ ಇದೇ ಮಾತು, ಲಿನಕ್ಸ್ ಬದಿಯ ಡಿಸ್ಕಿನಲ್ಲೇ ಇರಲಿ.

ಕಂಟೇನರ್ ಬೇಕು, ಆದರೆ ಕಟ್ಟಿ ನಿರ್ವಹಿಸುವ ವ್ಯವಧಾನ ಇಲ್ಲ ಎನ್ನುವವರಿಗೆ ಲಿನಾರೊ ಸಂಸ್ಥೆಯ ಟಕ್ಸ್‌ಮೇಕ್ ಇದೆ. ವಾಸ್ತುಶಿಲ್ಪ, ಕಂಪೈಲರ್ ಆವೃತ್ತಿ ಇಷ್ಟನ್ನು ಹೇಳಿದರೆ ತಕ್ಕ ಚಿತ್ರಿಕೆಯನ್ನು ತಾನೇ ತಂದು ಕಟ್ಟುತ್ತದೆ. ಒಂದೇ ಕರ್ನಲ್ಲನ್ನು ಹಲವು ಕಂಪೈಲರ್‌ಗಳಲ್ಲಿ ಕಟ್ಟಿ ಯಾವುದರಲ್ಲಿ ಒಡೆಯುತ್ತದೆ ಎಂದು ನೋಡಬೇಕಾದವರು ಬೇರೆ ಏನನ್ನೂ ಹುಡುಕಬೇಕಿಲ್ಲ.

ವರ್ಚುಯಲ್ ಮಷೀನ್ ಮತ್ತು ಬಾಡಿಗೆ ಯಂತ್ರ

ಕಂಪೈಲ್ ಮಾಡುವುದಕ್ಕಾಗಿ ಮಾತ್ರ ವರ್ಚುಯಲ್ ಮಷೀನ್ ಇಟ್ಟುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಮೆಮೊರಿಯನ್ನೂ ಡಿಸ್ಕನ್ನೂ ಮೊದಲೇ ಕತ್ತರಿಸಿ ಕೊಡಬೇಕು. 8 ಜಿಬಿಯ ಲ್ಯಾಪ್‌ಟಾಪಿನಲ್ಲಿ ಅರ್ಧ ಕೊಟ್ಟರೆ ಕೊನೆಯ ಲಿಂಕ್ ಮತ್ತು ಬಿಟಿಎಫ್ ಹಂತದಲ್ಲಿ ಮೆಮೊರಿ ಸಾಲದೆ ಬಿಲ್ಡ್ ಸಾಯುವ ಸಂಭವವಿದೆ. ಅನೇಕರಿಗೆ ನಿಜವಾಗಿ ಬೇಕಿರುವುದು ಕಟ್ಟಿದ್ದನ್ನು ಬೂಟ್ ಮಾಡಿ ನೋಡುವ ಜಾಗ, ಮತ್ತು ಅದಕ್ಕೆ ಇಡೀ ಡಿಸ್ಟ್ರೊ ಸ್ಥಾಪಿಸಬೇಕಿಲ್ಲ: ಕ್ಯುಎಂಯು ಎಂಬ ಎಮ್ಯುಲೇಟರ್ ಹೊಸ ಕರ್ನಲ್ ಫೈಲನ್ನು ನೇರವಾಗಿ ಬೂಟ್ ಮಾಡಬಲ್ಲದು. ಕಂಟೇನರ್‌ನಲ್ಲಿ ಕಟ್ಟಿ ಕ್ಯುಎಂಯುವಿನಲ್ಲಿ ಪರೀಕ್ಷಿಸುವ ಜೋಡಿ ಹೆಚ್ಚಿನ ಅಭ್ಯಾಸಿಗಳಿಗೆ ಸಾಕು. ಡಿಸ್ಟ್ರೊದ ಸ್ಥಾಪನೆ, ಬೂಟ್‌ಲೋಡರ್, ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆರಂಭದ ತಾತ್ಕಾಲಿಕ ಫೈಲ್ ಸಿಸ್ಟಮ್) ಎಲ್ಲವನ್ನೂ ಸೇರಿಸಿ ಪರೀಕ್ಷಿಸಬೇಕಾದವರಿಗೆ ಪೂರ್ಣ ವರ್ಚುಯಲ್ ಮಷೀನ್ ಅನಿವಾರ್ಯ.

ಯಂತ್ರ ದುರ್ಬಲವಾಗಿದ್ದರೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಹೆಚ್ಚು ಕೋರ್‌ಗಳ ಸರ್ವರ್ ಒಳ್ಳೆಯ ಆಯ್ಕೆ. ಆದರೆ ಅಲ್ಲಿ ಲೋಕಲ್‌ಮಾಡ್‌ಕಾನ್ಫಿಗ್ ಓಡಿಸಿದರೆ ಅದು ಸರ್ವರ್‌ನ ಮಾಡ್ಯೂಲ್‌ಗಳನ್ನು ನೋಡುತ್ತದೆ, ನಿಮ್ಮ ಲ್ಯಾಪ್‌ಟಾಪಿನವನ್ನಲ್ಲ. ನಿಮ್ಮ ಯಂತ್ರದ ಎಲ್‌ಎಸ್‌ಮಾಡ್ ಆದೇಶದ ಫಲಿತಾಂಶವನ್ನು (ಲೋಡ್ ಆಗಿರುವ ಮಾಡ್ಯೂಲ್‌ಗಳ ಪಟ್ಟಿಯನ್ನು) ಫೈಲಿಗೆ ಬರೆದು ಎಲ್‌ಎಸ್‌ಮಾಡ್ ಚರದಲ್ಲಿ ಆ ಫೈಲಿನ ದಾರಿ ಕೊಡಬೇಕು. ಕಂಟೇನರ್‌ಗೆ ಈ ಚಿಂತೆ ಇಲ್ಲ, ಕರ್ನಲ್ ಹೊರಗಿನದೇ ಆದ್ದರಿಂದ.

ನಿಕ್ಸ್, ಗಿಕ್ಸ್, ಬಿಲ್ಡ್‌ರೂಟ್, ಯೋಕ್ಟೊ

ಪುನರುತ್ಪಾದನೆಯೇ ಮೊದಲ ಆದ್ಯತೆಯಾದವರಿಗೆ ನಿಕ್ಸ್ ಅಥವಾ ಗಿಕ್ಸ್ ಕಂಟೇನರ್‌ಗಿಂತ ಒಂದು ಹೆಜ್ಜೆ ಮುಂದೆ. ಪ್ರತಿ ಸಲಕರಣೆಯ ಆವೃತ್ತಿಯೂ ಒಂದು ನಿಗದಿತ ಬಿಂದುವಿಗೆ ಕಟ್ಟಲ್ಪಟ್ಟಿರುತ್ತದೆ, ವರ್ಷಗಳ ನಂತರವೂ ಅದೇ ಪರಿಸರವನ್ನು ಕೇಳಿ ಪಡೆಯಬಹುದು. ಬೆಲೆಯನ್ನು ಕಲಿಕೆಯ ರೂಪದಲ್ಲಿ ತೆರಬೇಕು: ನಿಕ್ಸ್‌ನ ಭಾಷೆ ಬೇರೆ, ಲೈಬ್ರರಿಗಳು ಮಾಮೂಲಿ ಜಾಗದಲ್ಲಿ ಇರುವುದಿಲ್ಲ, ಮೂಲದಲ್ಲಿ ಯಾರೋ ಸಲಕರಣೆಯ ಪೂರ್ಣ ದಾರಿಯನ್ನು ಬರೆದಿಟ್ಟಿದ್ದರೆ ಅಲ್ಲೇ ಮುಗ್ಗರಿಸುತ್ತದೆ. ನಿಕ್ಸ್ ಆಗಲೇ ಬಳಸುತ್ತಿರುವವರು ಹಿಂದೆಮುಂದೆ ನೋಡಬೇಕಿಲ್ಲ. ಒಂದು ಕರ್ನಲ್ ಕಟ್ಟುವುದಕ್ಕಾಗಿ ನಿಕ್ಸ್ ಕಲಿಯಲು ಹೊರಡಬೇಡಿ.

ಬಿಲ್ಡ್‌ರೂಟ್ ಮತ್ತು ಯೋಕ್ಟೊ ಬೇರೆಯೇ ಗಾತ್ರದವು. ಕ್ರಾಸ್ ಕಂಪೈಲರ್, ಕರ್ನಲ್, ರೂಟ್ ಫೈಲ್ ಸಿಸ್ಟಮ್ ಎಲ್ಲವನ್ನೂ ಅವು ಒಟ್ಟಾಗಿ ತಯಾರಿಸುತ್ತವೆ. ಬೋರ್ಡ್‌ಗೆ ಇಡೀ ವ್ಯವಸ್ಥೆ ಬೇಕಾದವರಿಗೆ ಬಿಲ್ಡ್‌ರೂಟ್ ಸರಳ ಆರಂಭ, ಅನೇಕ ಉತ್ಪನ್ನಗಳನ್ನು ಬಹುಕಾಲ ನಿರ್ವಹಿಸುವ ಸಂಸ್ಥೆಗಳಿಗೆ ಯೋಕ್ಟೊ. ಕರ್ನಲ್ ಮಾತ್ರ ಬೇಕಾದವರಿಗೆ ಎರಡೂ ಬೇಡ.

ಹೊರ ಮಾಡ್ಯೂಲ್ ಇದ್ದರೆ, ಪರಿಸರ ಬದಲಿಸಿದರೆ

ಡಿಸ್ಟ್ರೊದ ಕರ್ನಲ್‌ಗೇ ಒಂದು ಸಣ್ಣ ತಿದ್ದುಪಡಿ ಸೇರಿಸಬೇಕಾದವರಿಗೆ, ಅಥವಾ ಗ್ರಾಫಿಕ್ಸ್ ಡ್ರೈವರ್‌ನಂಥ ಹೊರ ಮಾಡ್ಯೂಲ್‌ಗಳನ್ನು ಡಿಕೆಎಂಎಸ್ (ಹೊಸ ಕರ್ನಲ್ ಬಂದಾಗ ಹೊರ ಮಾಡ್ಯೂಲ್‌ಗಳನ್ನು ತಾನೇ ಮತ್ತೆ ಕಟ್ಟುವ ವ್ಯವಸ್ಥೆ) ಮೂಲಕ ಕಟ್ಟಿಕೊಳ್ಳುವವರಿಗೆ ಮೇಲಿನ ತೂಕವೆಲ್ಲ ಸ್ವಲ್ಪ ಬದಲಾಗುತ್ತದೆ. ಕರ್ನಲ್ ಕಟ್ಟಿದ ಕಂಪೈಲರ್ ಮತ್ತು ಮಾಡ್ಯೂಲ್ ಕಟ್ಟುವ ಕಂಪೈಲರ್ ಬೇರೆಯಾದರೆ ಬಿಲ್ಡ್ ಅದನ್ನು ಎಚ್ಚರಿಸುತ್ತದೆ, ಕ್ಲಾಂಗ್‌ನಲ್ಲಿ ಕಟ್ಟಿದ ಕರ್ನಲ್‌ಗೆ ಜಿಸಿಸಿಯಲ್ಲಿ ಮಾಡ್ಯೂಲ್ ಕಟ್ಟಲು ಹೋದರೆ ಗುರುತಿಲ್ಲದ ಆಯ್ಕೆಗಳೆಂದು ನಿಂತೇಹೋಗಬಹುದು. ಡಿಕೆಎಂಎಸ್ ಓಡುವುದು ನಿಮ್ಮ ಯಂತ್ರದಲ್ಲಿ, ಅಲ್ಲಿನ ಕಂಪೈಲರ್‌ನಿಂದ. ಹಾಗಾಗಿ ಇಂಥವರು ಹಳೆಯ ಕಂಟೇನರ್‌ನ ಮೋಹ ಬಿಟ್ಟು ಡಿಸ್ಟ್ರೊದ ಸ್ವಂತ ಕಂಪೈಲರ್‌ನಲ್ಲೇ ಕಟ್ಟುವುದು ಕ್ಷೇಮ. ಯಂತ್ರದಲ್ಲಿ ಕಸ ಸೇರಬಾರದು ಎಂದಿದ್ದರೆ ಫೆಡೋರಾದ ಮಾಕ್ ಅಥವಾ ಡೆಬಿಯನ್‌ನ ಎಸ್‌ಬಿಲ್ಡ್ ಬಳಸಿ ಅದೇ ಡಿಸ್ಟ್ರೊದ ಶುಚಿಯಾದ ಪ್ರತಿಯೊಂದರಲ್ಲಿ ಪ್ಯಾಕೇಜ್ ತಯಾರಿಸಬಹುದು. ಬಿನ್‌ಡೆಬ್-ಪಿಕೆಜಿ, ಬಿನ್‌ಆರ್‌ಪಿಎಂ-ಪಿಕೆಜಿ ಎಂಬ ಮೇಕ್ ಗುರಿಗಳು ಕರ್ನಲ್ಲನ್ನು ಪ್ಯಾಕೇಜ್ ರೂಪದಲ್ಲೇ ಕೊಡುವುದರಿಂದ ಬೇಡವಾದಾಗ ತೆಗೆದುಹಾಕುವುದೂ ಸುಲಭ.

ಒಂದು ಪರಿಸರದಿಂದ ಇನ್ನೊಂದಕ್ಕೆ ಹೋಗುವಾಗ ಕಾನ್ಫಿಗ್ ಫೈಲು ಹಾಗೆಯೇ ಉಳಿಯುತ್ತದೆಂದು ಭಾವಿಸಬೇಡಿ. 4.18ರಿಂದ, ಆ ಫೈಲನ್ನು ತಯಾರಿಸುವ ಕೆಕಾನ್ಫಿಗ್ ಕಂಪೈಲರನ್ನೇ ಓಡಿಸಿ ಅದರ ಸಾಮರ್ಥ್ಯಗಳನ್ನು ಪರೀಕ್ಷಿಸುತ್ತದೆ. ಹೊಸ ಕಂಪೈಲರ್‌ನಲ್ಲಿ ಲಭ್ಯವಿದ್ದ ಭದ್ರತಾ ಆಯ್ಕೆಯೊಂದು ಹಳೆಯದರಲ್ಲಿ ಸದ್ದಿಲ್ಲದೆ ಹೊರಟುಹೋಗಬಹುದು. ಬದಲಾವಣೆಯ ಮೊದಲು ಫೈಲಿನ ಪ್ರತಿ ತೆಗೆದಿಟ್ಟು, ಹೊಸ ಪರಿಸರದಲ್ಲಿ ಓಲ್ಡ್‌ಡೆಫ್‌ಕಾನ್ಫಿಗ್ ಎಂಬ ಮೇಕ್ ಗುರಿಯನ್ನು ಓಡಿಸಿ, ಮೂಲದ ಜೊತೆ ಬರುವ ಡಿಫ್‌ಕಾನ್ಫಿಗ್ ಸ್ಕ್ರಿಪ್ಟ್‌ನಿಂದ ಎರಡನ್ನೂ ಹೋಲಿಸಿ. ಹಳೆಯ ಪರಿಸರದ ಬಿಲ್ಡ್ ಫೈಲುಗಳ ಮೇಲೆ ಹೊಸದನ್ನು ಕಟ್ಟದೆ, ಒ= ಎಂಬ ಆಯ್ಕೆಯಲ್ಲಿ ಪ್ರತಿ ಪರಿಸರಕ್ಕೂ ಬೇರೆ ಡೈರೆಕ್ಟರಿ ಕೊಡಿ. ಮೂಲದ ಡೈರೆಕ್ಟರಿ ಶುಚಿಯಾಗಿಲ್ಲ ಎಂದು ಅದು ಮೊದಲ ಸಲ ದೂರಿದರೆ ಕಾನ್ಫಿಗ್ ಫೈಲನ್ನು ಹೊರಗೆ ನಕಲು ಮಾಡಿಟ್ಟುಕೊಂಡ ಮೇಲೆಯೇ ಮೇಕ್ ಎಂಆರ್‌ಪ್ರಾಪರ್ ಕೊಡಬೇಕು, ಏಕೆಂದರೆ ಅದು ಕಾನ್ಫಿಗ್ ಫೈಲನ್ನೂ ಅಳಿಸುತ್ತದೆ.